ಚಿನ್ನ ಉಳಿಯಿತು, ಜನ ಹೋದರು

ಕ್ರಿ.ಶ. 167ರ ಫೆಬ್ರುವರಿ 9ರಂದು ಆಲ್ಬುರ್ನುಸ್ ಮಾಯೋರ್ ಎಂಬ ಗಣಿಯೂರಿನಲ್ಲಿ ಒಂದು ಪ್ರಕಟಣೆ ಹೊರಟಿತು. ಆ ಊರಿನಲ್ಲೊಂದು ಸಂಘವಿತ್ತು. ಸದಸ್ಯರು ವಂತಿಗೆ ಕಟ್ಟುತ್ತಿದ್ದರು. ಯಾರಾದರೂ ತೀರಿಕೊಂಡರೆ ಸಂಘವೇ ಖರ್ಚು ಹಾಕಿ ಅಂತ್ಯಕ್ರಿಯೆ ನಡೆಸುತ್ತಿತ್ತು. ಸಂಘದ ಯಜಮಾನ, ಅಪೊಲ್ಲೋನಿಯುಸನ ಮಗ ಆರ್ಟೆಮಿಡೋರುಸ್, ತನ್ನ ಖಜಾಂಚಿಗಳ ಜೊತೆ ಸೇರಿ ಊರಿಗೆ ತಿಳಿಸಿದ್ದು ಇಷ್ಟು: ಸಂಘದಲ್ಲಿ 54 ಜನ ಇದ್ದರು, ಈಗ ಊರಲ್ಲಿ ಉಳಿದಿರುವವರು 17 ಮಾತ್ರ. ಜೊತೆಯ ಯಜಮಾನ ಯೂಲಿಯುಸ್ ಆಯ್ಕೆಯಾದ ದಿನದಿಂದ ಈ ಕಡೆ ತಲೆಯನ್ನೇ ಹಾಕಿಲ್ಲ. ಇದ್ದವರಿಗೆ ಲೆಕ್ಕ ಒಪ್ಪಿಸಿದ್ದಾಗಿದೆ, ತಾನಿಟ್ಟ ಜಾಮೀನು ಹಣ ವಾಪಸು ಪಡೆದದ್ದಾಗಿದೆ. ಪೆಟ್ಟಿಗೆಯಲ್ಲಿ ಅಂತ್ಯಕ್ರಿಯೆಗೆ ಸಾಲುವಷ್ಟು ಹಣವಿಲ್ಲ, ಒಂದೇ ಒಂದು ಶವಪೆಟ್ಟಿಗೆಯೂ ಇಲ್ಲ. ಸಭೆಗೆ ಯಾರೂ ಬರುತ್ತಿಲ್ಲ, ವಂತಿಗೆ ಯಾರೂ ಕೊಡುತ್ತಿಲ್ಲ. ಆದ್ದರಿಂದ ಇನ್ನು ಮುಂದೆ ಯಾರೇ ಸತ್ತರೂ ತಮಗೊಂದು ಸಂಘವಿದೆ, ಅದು ಬಂದು ನೋಡಿಕೊಳ್ಳುತ್ತದೆ ಎಂದು ನೆಚ್ಚಿ ಕೂರಬಾರದು.

ಇದರ ನಕಲನ್ನು ಮೇಣ ಬಳಿದ ಮರದ ಹಲಗೆಯ ಮೇಲೆ ಗೀರಿ, ಸಾಕ್ಷಿಗಳ ಮುದ್ರೆ ಹಾಕಿಸಿ ಇಟ್ಟರು. ಆಮೇಲೆ ಯಾರೋ ಅದನ್ನು ಚಿನ್ನದ ಗಣಿಯ ಸುರಂಗದೊಳಗೆ ಬಚ್ಚಿಟ್ಟರು. ಹದಿನಾರು ಶತಮಾನಗಳಿಗೂ ಹೆಚ್ಚು ಕಾಲ ಅದು ಅಲ್ಲೇ ಇತ್ತು.

ಆಲ್ಬುರ್ನುಸ್ ಮಾಯೋರ್ ಈಗಿನ ರೊಮೇನಿಯಾದ ರೋಶಿಯಾ ಮೊಂಟಾನಾ. ಟ್ರಾನ್ಸಿಲ್ವೇನಿಯಾದ ಪಶ್ಚಿಮಕ್ಕೆ ಅಪುಸೆನಿ ಬೆಟ್ಟಸಾಲಿನ ಮಡಿಲಲ್ಲಿ, ಆಲ್ಬಾ ಜಿಲ್ಲೆಯಲ್ಲಿದೆ. ಆಡಳಿತದ ಲೆಕ್ಕದಲ್ಲಿ ಅದೊಂದು ಕೊಮೂನಾ, ನಮ್ಮ ಗ್ರಾಮ ಪಂಚಾಯಿತಿಗೆ ಸಮ. ಒಂದೇ ಹೆಸರಿನ ಕೆಳಗೆ 16 ಹಳ್ಳಿಗಳಿವೆ. ಗುರಾ ರೋಶಿಯೆಯ್, ಕೋರ್ನಾ, ತ್ಸಾರಿನಾ, ಬುಂತಾ, ಕರ್ಪಿನಿಶ್ ಹೀಗೆ ಸಾಗುವ ಪಟ್ಟಿಯಲ್ಲಿ ಕೆಲವು ಬೆಟ್ಟದ ಓರೆಯಲ್ಲಿ ಚದುರಿಕೊಂಡ ಕೆಲವೇ ಮನೆಗಳ ಕೇರಿಗಳು. 2002ರ ಜನಗಣತಿಯಲ್ಲಿ ಈ ಹದಿನಾರು ಹಳ್ಳಿಗಳಿಂದ ನಾಲ್ಕು ಸಾವಿರದ ಹತ್ತಿರ ಜನರಿದ್ದರು. 2011ರಲ್ಲಿ ಎಣಿಸಿದಾಗ 2,700 ಕೂಡ ಇರಲಿಲ್ಲ. ಮೂರರಲ್ಲೊಂದು ಪಾಲು ಜನ ಒಂಬತ್ತೇ ವರ್ಷದಲ್ಲಿ ಹೋಗಿಬಿಟ್ಟಿದ್ದರು.

ಹೀಗೆ ಜನ ಹೋಗಿದ್ದಾರೆ ಎಂದೊಡನೆ ಕೇಳುವವರು ಹೇಳುವುದು ಒಂದೇ ಮಾತು: ಚಿನ್ನ ಮುಗಿದಿರಬೇಕು. ಗಣಿಯೂರುಗಳ ಕಥೆಯನ್ನು ನಾವೆಲ್ಲ ಹಾಗೇ ಕೇಳಿಕೊಂಡು ಬಂದಿದ್ದೇವೆ. ಅದಿರು ಇರುವ ತನಕ ಊರು, ಆಮೇಲೆ ಹಾಳು ಎಂದು. ರೋಶಿಯಾ ಮೊಂಟಾನಾದ ಚರಿತ್ರೆ ಓದುತ್ತ ಹೋದಂತೆ ನನಗೆ ಈ ನಂಬಿಕೆ ಸುಳ್ಳೆಂದು ಖಚಿತವಾಯಿತು. ಆ ಊರು ಹಿಂಗಿದ ಪ್ರತಿಸಲವೂ ಬೆಟ್ಟದಲ್ಲಿ ಚಿನ್ನ ಇತ್ತು. 167ರಲ್ಲಿ ಇತ್ತು, 1948ರಲ್ಲಿ ಇತ್ತು, 2006ರಲ್ಲಿ ಇತ್ತು. ಇಂದೂ ಸುಮಾರು 300 ಟನ್ ಇದೆಯೆಂದು ಅಂದಾಜು.

ಈ ವಿಷಯ ನನ್ನನ್ನು ಹಿಡಿದಿಡಲು ಕಾರಣವಿದೆ. ನಾನು ಕೆಜಿಎಫಿನವಳು. ನಮ್ಮಪ್ಪ ಚಾಂಪಿಯನ್ ರೀಫಿನಲ್ಲಿ ಭೂಮಿಯೊಳಗೆ ದುಡಿದವರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಲೈನು ಮನೆಗಳ ಹುಡುಗರು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವುದನ್ನು, ಸೈನೈಡ್ ದಿಬ್ಬದ ದೂಳು ಬೇಸಿಗೆಯ ಗಾಳಿಗೆ ಏಳುವುದನ್ನು ನೋಡುತ್ತಲೇ ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದ್ದು. ನಿವೃತ್ತಿಯ ನಂತರ, ಕ್ಲೂಜ್ ನಗರದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗಳ ಮನೆಗೆ ಹೋದಾಗ ಅಲ್ಲಿಂದ ಅರಿಯೆಶ್ ನದಿಯ ಕಣಿವೆಗುಂಟ ಈ ಊರಿಗೆ ಹೋಗಿ ಬಂದೆ. ಚಿನ್ನದ ಊರಿನವರಿಗೆ ಇನ್ನೊಂದು ಚಿನ್ನದ ಊರಿನ ಪಾಡು ಬೇಗ ತಿಳಿಯುತ್ತದೆ.

ಟ್ರೇಜನ್ ಚಕ್ರವರ್ತಿ ಕ್ರಿ.ಶ. 106ರಲ್ಲಿ ಡೇಸಿಯಾವನ್ನು ಗೆದ್ದ. ಡೇಸಿಯಾದ ಚಿನ್ನದ ಮೇಲೆ ರೋಮಿನ ಕಣ್ಣಿತ್ತು. ಅದನ್ನು ತೆಗೆಯಲು ಗಣಿ ಬಲ್ಲ ಜನ ಬೇಕಲ್ಲ, ಅವರನ್ನು ಏಡ್ರಿಯಾಟಿಕ್ ಸಮುದ್ರದಾಚೆಯ ಕರಾವಳಿಯ ಡಾಲ್ಮೇಷಿಯಾದಿಂದ ಕರೆತಂದು ನೆಲೆ ನಿಲ್ಲಿಸಿದರು. ಇಲ್ಲಿರಿಯನ್ ಕುಲಗಳ ಈ ಗಣಿಗಾರರಲ್ಲಿ ಪಿರುಸ್ತಾ ಜನರದ್ದೇ ಒಂದು ಕೇರಿ ಇತ್ತು. ಅಂದರೆ ಈ ಊರಿನ ದಾಖಲೆಯುಳ್ಳ ಮೊದಲ ನಿವಾಸಿಗಳೇ ವಲಸೆ ಬಂದವರು. ಊರಿನ ಹೆಸರು ಬರಹದಲ್ಲಿ ಮೊದಲು ಸಿಗುವುದು 131ರ ಫೆಬ್ರುವರಿ 6ರ ಹಲಗೆಯಲ್ಲಿ.

1786ರಿಂದ 1855ರವರೆಗೆ ಗಣಿಗಾರರಿಗೆ ಹಳೆಯ ಸುರಂಗಗಳಲ್ಲಿ ಆಗೊಂದು ಈಗೊಂದು ಇಂಥ ಹಲಗೆಗಳು ಸಿಕ್ಕವು. ಮರದ ಹಲಗೆಯ ನಡುಭಾಗವನ್ನು ಸ್ವಲ್ಪ ತಗ್ಗು ಮಾಡಿ, ಅಲ್ಲಿ ಮೇಣ ತುಂಬಿ, ಲೋಹದ ಕಡ್ಡಿಯಿಂದ ಬರೆಯುತ್ತಿದ್ದರು. ಎರಡು ಮೂರು ಹಲಗೆಗಳನ್ನು ಪುಸ್ತಕದಂತೆ ಹೊಲಿದು, ದಾರ ಸುತ್ತಿ ಮುದ್ರೆ ಒತ್ತುತ್ತಿದ್ದರು. ಒಳಗಿನ ಬರಹ ತಿದ್ದಲಾಗದ ಮೂಲ ಪ್ರತಿ, ಹೊರಗಿನದು ಓದಿಕೊಳ್ಳಲು. ಕೆಲವನ್ನು ಸಿಕ್ಕವರು ಕಸವೆಂದು ಎಸೆದರು, ಕೆಲವು ಗಾಳಿಗೆ ಒಣಗಿ ಬಿರುಕುಬಿಟ್ಟವು. ಸುಮಾರು ಇಪ್ಪತ್ತೈದು ಮಾತ್ರ ಓದುವ ಸ್ಥಿತಿಯಲ್ಲಿ ಉಳಿದು, ಜರ್ಮನ್ ವಿದ್ವಾಂಸ ಥಿಯೋಡೋರ್ ಮೊಮ್ಸೆನ್ ಲ್ಯಾಟಿನ್ ಶಾಸನಗಳ ಮಹಾ ಸಂಪುಟದಲ್ಲಿ ಅವನ್ನು ಪ್ರಕಟಿಸಿದ. ರೋಮನ್ ಕಾಲದ ಒಪ್ಪಂದದ ಕಾನೂನು ಹಳ್ಳಿಗಾಡಿನಲ್ಲಿ ಹೇಗೆ ನಡೆಯುತ್ತಿತ್ತು ಎಂದು ತಿಳಿಯಲು ಕಾನೂನು ಓದುವವರು ಇಂದಿಗೂ ಇವನ್ನೇ ನೋಡುತ್ತಾರೆ.

ನಾನು ಅವನ್ನು ಓದಿದ್ದು ಜನರಿಗಾಗಿ. ಮೆಮ್ಮಿಯುಸ್ ಎಂಬ ಗಣಿ ಕೂಲಿಯವನಿದ್ದಾನೆ. 164ರ ಮೇ 20ರಂದು ಆತ ಔರೇಲಿಯುಸ್ ಆಡ್ಯೂಟೋರ್ ಎಂಬವನ ಚಿನ್ನದ ಗಣಿಯಲ್ಲಿ ನವೆಂಬರ್ ನಡುವಿನ ತನಕ ದುಡಿಯಲು ಒಪ್ಪಿಕೊಂಡ. ಕೂಲಿ 70 ಡೆನಾರಿಯುಸ್, ಜೊತೆಗೆ ಊಟ. ಅವನಿಗೆ ಅಕ್ಷರ ಬಾರದು ಎಂದು ಹೇಳಿದ್ದರಿಂದ ಅವನ ಪರವಾಗಿ ಬೇರೊಬ್ಬ ಬರೆದಿದ್ದಾನೆ. ಗಟ್ಟಿಮುಟ್ಟಾಗಿ ದುಡಿಯಬೇಕು, ಒಡೆಯ ಒಪ್ಪದೆ ನಡುವೆ ಬಿಟ್ಟರೆ ದಿನಕ್ಕೆ 5 ಸೆಸ್ಟರ್ಸ್ ದಂಡ, ಗಣಿಗೆ ನೀರು ನುಗ್ಗಿ ಕೆಲಸ ನಿಂತರೆ ಅಷ್ಟು ದಿನದ ಕೂಲಿ ಕಡಿತ. ಒಡೆಯ ಕೂಲಿ ತಡ ಮಾಡಿದರೆ ಮೂರು ದಿನ ಬಿಟ್ಟು ಅವನಿಗೂ ಅದೇ ದಂಡ. ಡೆನಾರಿಯುಸಿಗೆ ನಾಲ್ಕು ಸೆಸ್ಟರ್ಸ್. ಆರು ತಿಂಗಳಿಗೆ 70 ಡೆನಾರಿಯುಸ್ ಎಂದರೆ ದಿನಕ್ಕೆ ಎರಡು ಸೆಸ್ಟರ್ಸಿಗಿಂತಲೂ ಕಡಿಮೆ. ದಂಡ ಮಾತ್ರ ಐದು. ನೀರು ನುಗ್ಗಿದರೆ ನಷ್ಟ ಯಾರ ಪಾಲಿಗೆ ಎಂಬುದೂ ಮೊದಲೇ ತೀರ್ಮಾನವಾಗಿತ್ತು.

ಇನ್ನೊಂದು ಹಲಗೆ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. 139ರ ಮಾರ್ಚ್ 17ರಂದು ಪಾಸ್ಸಿಯಾ ಎಂಬ ಹುಡುಗಿಯನ್ನು ಮಾರಿದ ಪತ್ರ ಅದು. ವಯಸ್ಸು ಹೆಚ್ಚುಕಡಿಮೆ ಆರು ವರ್ಷ. ಬೆಲೆ 205 ಡೆನಾರಿಯುಸ್. ಕಳ್ಳತನದ ದೋಷವಿಲ್ಲ, ಓಡಿಹೋಗುವ ಚಾಳಿಯಿಲ್ಲ ಎಂದು ಮಾರುವವನು ಭರವಸೆ ಕೊಡುತ್ತಾನೆ. ಮೆಮ್ಮಿಯುಸನಂಥವನು ಮೂರು ಹಂಗಾಮು ಗಣಿಯಲ್ಲಿ ದುಡಿದರೆ ಸಿಗುವ ಕೂಲಿ ಅಷ್ಟು. ಗಣಿಯ ಸಂಪತ್ತು ಎಂದು ಚರಿತ್ರೆಯ ಪುಸ್ತಕಗಳು ಬರೆಯುವಾಗ ಈ ಮಗುವಿನ ಹೆಸರನ್ನೂ ಬರೆಯಬೇಕು ಎಂಬುದು ನನ್ನ ಹಟ.

159ರ ಮೇ 6ರಂದು ಆಂಡುಯೇಯಾ ಎಂಬವನು ಪಿರುಸ್ತರ ಕೇರಿಯಲ್ಲಿ ಅರ್ಧ ಮನೆ ಕೊಂಡ. ಒಳಗೆ ಹೋಗುವಾಗ ಬಲಗಡೆಯ ಭಾಗ, ಅಕ್ಕಪಕ್ಕ ಯಾರ್‍ಯಾರ ಮನೆ ಎಂಬ ಚಕ್ಕುಬಂದಿ, 300 ಡೆನಾರಿಯುಸ್ ಬೆಲೆ. ಮುಂದಿನ ಜನಗಣತಿಯವರೆಗೆ ಆ ಮನೆಯ ತೆರಿಗೆಯನ್ನು ಮಾರಿದವನೇ ಕಟ್ಟಬೇಕು ಎಂಬ ಷರತ್ತೂ ಇದೆ. ಅಂದರೆ ಎರಡನೇ ಶತಮಾನದಲ್ಲಿ ಈ ಬೆಟ್ಟದೂರಿಗೆ ಗಣತಿದಾರರು ಬರುತ್ತಿದ್ದರು, ಮನೆಮನೆ ಎಣಿಸುತ್ತಿದ್ದರು. ಆ ಎಣಿಕೆಯ ಕಡತ ನಮಗೆ ಸಿಕ್ಕಿಲ್ಲ. ಸಿಕ್ಕಿರುವುದು ಸಂಘದ ಯಜಮಾನನ 54 ಮತ್ತು 17 ಮಾತ್ರ.

ಉಳಿದ 37 ಜನ ಎಲ್ಲಿ ಹೋದರು? ಪ್ರಕಟಣೆ ಹೇಳುವುದಿಲ್ಲ. ಆದರೆ ಆ ವರ್ಷಗಳಲ್ಲಿ ಡ್ಯಾನ್ಯೂಬ್ ನದಿಯ ಉತ್ತರಕ್ಕೆ ಯುದ್ಧ ಎದ್ದಿತ್ತು. ಮಾರ್ಕೊಮನ್ನಿ ಮೊದಲಾದ ಕುಲಗಳು ರೋಮಿನ ಗಡಿ ಒಡೆದು ನುಗ್ಗುತ್ತಿದ್ದವು. 167ರ ನಂತರದ ಒಂದು ಹಲಗೆಯೂ ಈ ಗಣಿಗಳಲ್ಲಿ ಸಿಕ್ಕಿಲ್ಲ. ಮನೆಪತ್ರ, ಸಾಲಪತ್ರ, ಸಂಘದ ಲೆಕ್ಕ ಎಲ್ಲವನ್ನೂ ಸುರಂಗದೊಳಗೆ ಇಟ್ಟು ಹೋದವರು ಮರಳಿ ಬಂದು ತೆಗೆದುಕೊಳ್ಳುವ ಆಸೆಯಲ್ಲೇ ಇಟ್ಟಿರಬೇಕು. ಮನೆಪತ್ರವನ್ನು ಯಾರೂ ಸುಮ್ಮನೆ ಬಿಟ್ಟು ಹೋಗುವುದಿಲ್ಲ.

ರೋಮನ್ನರು ಕೊರೆದ ಸುರಂಗಗಳನ್ನು ಅಳೆದರೆ ಏಳು ಕಿಲೋಮೀಟರ್ ಆಗುತ್ತದೆ. ಫ್ರಾನ್ಸಿನ ಪುರಾತತ್ವಜ್ಞೆ ಬೆಯಾತ್ರೀಸ್ ಕೊವೆ ಅವರ ತಂಡ 1999ರಿಂದ ವರ್ಷಗಟ್ಟಲೆ ಅವನ್ನು ಹೊಕ್ಕು ನಕ್ಷೆ ಮಾಡಿತು. ಓರ್ಲಿಯಾ ಗುಡ್ಡದಡಿಯ ಒಂದು ಭಾಗಕ್ಕೆ ನೂರೈವತ್ತಕ್ಕೂ ಹೆಚ್ಚು ಮೆಟ್ಟಿಲು ಇಳಿದು ನಾವೂ ಹೋಗಬಹುದು. ಗೋಡೆಯ ಮೇಲೆ ಉಳಿಯ ಏಟುಗಳು ಎಣಿಸಲು ಬರುವಷ್ಟು ಸ್ಪಷ್ಟ. ಅಲ್ಲಲ್ಲಿ ಎಣ್ಣೆ ದೀಪ ಇಡಲು ಗೂಡು ಕೊರೆದಿದ್ದಾರೆ. ಬಂಡೆ ಗಟ್ಟಿಯಿದ್ದಲ್ಲಿ ಸೌದೆ ಒಟ್ಟಿ ಬೆಂಕಿ ಹಾಕಿ ಕಾಯಿಸಿ, ಬಿರುಕು ಬಿಟ್ಟ ಮೇಲೆ ಒಡೆಯುತ್ತಿದ್ದರು. ಹೊಗೆ ತುಂಬಿದ ಆ ಇಕ್ಕಟ್ಟಿನಲ್ಲಿ ಉಸಿರಾಡಿದವರನ್ನು ನೆನೆದಾಗ ನನಗೆ ಅಪ್ಪನ ಎದೆಯ ಕೆಮ್ಮು ನೆನಪಾಯಿತು. ಪಾರು ಕಾರ್ಪೆನಿ ಎಂಬ ಗಣಿಯಲ್ಲಿ ನೀರೆತ್ತಲು ಹೂಡಿದ್ದ ಮರದ ದೊಡ್ಡ ಚಕ್ರಗಳ ಭಾಗಗಳು ಕೆಸರಿನಲ್ಲಿ ಹೂತು ಕೊಳೆಯದೆ ಉಳಿದಿದ್ದವು. ಒಪ್ಪಂದದಲ್ಲಿ ನೀರಿನ ಮಾತು ಏಕೆ ಬಂತು ಎಂದು ಅವನ್ನು ಕಂಡರೆ ತಿಳಿಯುತ್ತದೆ.

ಮೂರನೇ ಶತಮಾನದ ಕೊನೆಯ ದಶಕಗಳಲ್ಲಿ ರೋಮನ್ನರು ಡೇಸಿಯಾ ಬಿಟ್ಟು ಹೋದರು. ಆಮೇಲಿನ ಶತಮಾನಗಳ ಬಗ್ಗೆ ಇಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಮಧ್ಯಯುಗದಲ್ಲಿ ಹಂಗೇರಿಯ ರಾಜರ ಆಳ್ವಿಕೆಯಲ್ಲಿ ಜರ್ಮನ್ ಗಣಿಗಾರರು ಬಂದರು. ಹದಿನೇಳನೇ ಶತಮಾನದ ಕೊನೆಗೆ ಟ್ರಾನ್ಸಿಲ್ವೇನಿಯಾ ಹಾಬ್ಸ್‌ಬರ್ಗ್ ದೊರೆಗಳ ಕೈಗೆ ಹೋಯಿತು. ಊರು ಮತ್ತೆ ತುಂಬಿದ್ದು ಆಗ.

ಆ ತುಂಬಿದ ಊರನ್ನು ಕಟ್ಟಿದ್ದು ನೀರು. ಚಿನ್ನದ ಕಲ್ಲನ್ನು ಪುಡಿ ಮಾಡದೆ ಚಿನ್ನ ಬೇರೆಯಾಗದು. ಅದಕ್ಕೆ ಶ್ತಿಯಾಂಪ್ ಎಂಬ ಯಂತ್ರವಿತ್ತು. ನೀರಿನ ಚಕ್ರ ತಿರುಗಿದಂತೆ ಸಾಲಾಗಿ ನಿಲ್ಲಿಸಿದ ಮರದ ತೊಲೆಗಳು, ಭತ್ತ ಕುಟ್ಟುವ ಒನಕೆಗಳ ಹಾಗೆ, ಒಂದರ ಹಿಂದೆ ಒಂದು ಎದ್ದು ಬಿದ್ದು ಕಲ್ಲನ್ನು ಕುಟ್ಟುತ್ತಿದ್ದವು. ಚಕ್ರಕ್ಕೆ ವರ್ಷವಿಡೀ ನೀರು ಬೇಕು. ಹಾಗಾಗಿ ಹದಿನೆಂಟನೇ ಶತಮಾನದಿಂದ ಬೆಟ್ಟದ ಮೇಲೆ ಏರಿ ಕಟ್ಟಿ, ತೂಬಿಟ್ಟು ಕೆರೆಗಳನ್ನು ಮಾಡಿದರು. ತೌಲ್ ಮಾರೆ ಎಂಬುದು ಅವುಗಳಲ್ಲಿ ದೊಡ್ಡದು. ತೂಬು ಎತ್ತಿದರೆ ನೀರು ಕಣಿವೆಗುಂಟ ಇಳಿಯುತ್ತ ಒಂದು ಯಂತ್ರದಿಂದ ಇನ್ನೊಂದಕ್ಕೆ ಕೈ ಬದಲಾಯಿಸುತ್ತಿತ್ತು. ನೂರಾರು ಶ್ತಿಯಾಂಪ್‌ಗಳ ಕುಟ್ಟುವ ಸದ್ದಿನಲ್ಲೇ ಜನ ಮಲಗಿ ಏಳುತ್ತಿದ್ದರು. ಆ ಕೆರೆಗಳು ಇಂದೂ ನೀರು ಹಿಡಿದುಕೊಂಡಿವೆ. ಕೆರೆಯ ನಾಡಿನಿಂದ ಹೋದ ನನಗೆ ಆ ಏರಿಗಳ ಮೇಲೆ ನಡೆಯುವಾಗ ತುಂಬಾ ಸಂತೋಷವಾಯಿತು.

ಆ ಕಾಲದ ಗಣಿಗಾರಿಕೆ ಬಹುಪಾಲು ಮನೆತನಗಳ ಕೆಲಸ. ರಾಜನ ಸುರಂಗಗಳೂ ಇದ್ದವು. ಆದರೆ ಗುಡ್ಡದ ತುಂಬ ಸಣ್ಣ ಸಣ್ಣ ಗಣಿಗಳನ್ನು ನಾಲ್ಕೈದು ಕುಟುಂಬಗಳು ಪಾಲು ಹಾಕಿಕೊಂಡು ನಡೆಸುತ್ತಿದ್ದವು. ಪಾಲು ತಂದೆಯಿಂದ ಮಗನಿಗೆ ಹೋಗುತ್ತಿತ್ತು, ಮದುವೆಯಲ್ಲಿ ಕೈ ಬದಲಾಗುತ್ತಿತ್ತು. ಗಂಡಸರು ಸುರಂಗದಲ್ಲಿ ಕಲ್ಲು ಒಡೆಯುವರು. ಬೆನ್ನ ಎರಡೂ ಕಡೆ ಬುಟ್ಟಿ ಇಳಿಬಿಟ್ಟ ಸಣ್ಣ ಕುದುರೆಗಳು ಅದನ್ನು ಶ್ತಿಯಾಂಪಿಗೆ ಹೊರುವವು. ಕುಟ್ಟಿದ ಮರಳನ್ನು ಶೈತ್ರೋಕ್ ಎಂಬ ಮರದ ತಟ್ಟೆಯಲ್ಲಿ ಹಾಕಿ, ನೀರಿನಲ್ಲಿ ಜಾಲಿಸಿ, ತಳದಲ್ಲಿ ಕೂತ ಚಿನ್ನದ ಗೆರೆಯನ್ನು ಬೇರೆ ಮಾಡುವುದು. ಇದರಲ್ಲಿ ಹೆಂಗಸರ ಕೈ ಪಳಗಿತ್ತು. ಸಿಕ್ಕ ಚಿನ್ನವನ್ನು ಸರ್ಕಾರದ ಕಚೇರಿಗೇ ಮಾರಬೇಕು. ರಾತ್ರಿ ಹೊತ್ತು ಬೇರೆಯವರ ಗಣಿಗೆ ನುಗ್ಗಿ ಒಳ್ಳೆಯ ಅದಿರು ಕದಿಯುವವರೂ ಇದ್ದರು. ಅವರಿಗೆ ಹೊಲೊಆಂಗರ್ ಎಂದು ಹೆಸರು; ಊರಿನ ಮುದುಕರು ಅವರ ಕಥೆಗಳನ್ನು ಇನ್ನೂ ಹೇಳುತ್ತಾರೆ.

ಪಾಲು ಇದ್ದವನಿಗೆ ಸಿರಿ, ಇಲ್ಲದವನಿಗೆ ಜೀತ. ಸುತ್ತಲಿನ ಬೆಟ್ಟಗಳ ರೈತರಿಗೆ ಮೋತ್ಸ್ ಎಂದು ಹೆಸರು. ಕಾಡಿನ ಮೇಲೂ ಹೊಲದ ಮೇಲೂ ಹಕ್ಕಿಲ್ಲದೆ ಬಿಟ್ಟಿ ದುಡಿದು ಸೋತ ಅವರು 1784ರ ನವೆಂಬರಿನಲ್ಲಿ ಹೋರಿಯಾ, ಕ್ಲೋಶ್ಕಾ, ಕ್ರಿಶಾನ್ ಎಂಬ ಮೂವರ ಹಿಂದೆ ದಂಗೆ ಎದ್ದರು. ದಂಗೆ ಪಕ್ಕದ ಅಬ್ರೂದ್ ಪಟ್ಟಣಕ್ಕೂ ರೋಶಿಯಾಕ್ಕೂ ನುಗ್ಗಿತು. 1785ರ ಫೆಬ್ರುವರಿ 28ರಂದು ಆಲ್ಬಾ ಯೂಲಿಯಾದಲ್ಲಿ ಹೋರಿಯಾ ಮತ್ತು ಕ್ಲೋಶ್ಕಾರನ್ನು ಗಾಲಿಯಿಂದ ಮೂಳೆ ಮುರಿದು ಕೊಂದರು. ನೋಡಲೆಂದು ಹಳ್ಳಿಗಳಿಂದ ರೈತರನ್ನು ಬಲವಂತವಾಗಿ ಕರೆತಂದಿದ್ದರು. ಕ್ರಿಶಾನ್ ಅದಕ್ಕೂ ಮೊದಲೇ ಸೆರೆಯಲ್ಲಿ ನೇಣು ಹಾಕಿಕೊಂಡಿದ್ದ. ಅದೇ ವರ್ಷದ ಆಗಸ್ಟಿನಲ್ಲಿ ಎರಡನೇ ಜೋಸೆಫ್ ಚಕ್ರವರ್ತಿ ಟ್ರಾನ್ಸಿಲ್ವೇನಿಯಾದ ಜೀತವನ್ನು ತೆಗೆಯುವ ಆಜ್ಞೆ ಹೊರಡಿಸಿದ.

ಇಷ್ಟು ಚಿಕ್ಕ ಊರಿನಲ್ಲಿ ಐದು ಪಂಥಗಳ ಚರ್ಚುಗಳಿವೆ. ಆರ್ಥಡಾಕ್ಸ್, ಗ್ರೀಕ್ ಕ್ಯಾಥೊಲಿಕ್, ರೋಮನ್ ಕ್ಯಾಥೊಲಿಕ್, ಯುನಿಟೇರಿಯನ್, ಕ್ಯಾಲ್ವಿನ್ ಪಂಥದ ರಿಫಾರ್ಮ್ಡ್. ಒಂದೊಂದಕ್ಕೂ ಬೇರೆ ಸ್ಮಶಾನ. ರೊಮೇನಿಯನ್, ಹಂಗೇರಿಯನ್, ಜರ್ಮನ್ ಮಾತಾಡುವವರು ಒಂದೇ ಚೌಕದ ಸುತ್ತ ಮನೆ ಕಟ್ಟಿಕೊಂಡಿದ್ದರು. ಜನಸಂಖ್ಯೆ ಎಂದರೆ ಬರೀ ತಲೆಗಳ ಮೊತ್ತವೆಂದು ತಿಳಿಯುವವರು ಇಂಥ ಊರಿನ ಸ್ಮಶಾನಗಳಲ್ಲಿ ಒಮ್ಮೆ ತಿರುಗಾಡಬೇಕು. ಒಂದೇ ಗಣಿಯಲ್ಲಿ ಸತ್ತವರು ಮೂರು ಭಾಷೆಯ ಕಲ್ಲುಗಳ ಕೆಳಗಿದ್ದಾರೆ. ನಮ್ಮ ಕೆಜಿಎಫಿನ ಸ್ಮಶಾನಗಳೂ ಹೀಗೇ ಹಲವು ಭಾಷೆಯವು.

1918ರ ಡಿಸೆಂಬರ್ 1ರಂದು ಆಲ್ಬಾ ಯೂಲಿಯಾದಲ್ಲಿ ಸೇರಿದ ಮಹಾಸಭೆ ಟ್ರಾನ್ಸಿಲ್ವೇನಿಯಾ ರೊಮೇನಿಯಾಕ್ಕೆ ಸೇರಲಿ ಎಂದು ನಿರ್ಧರಿಸಿತು. ಆಳುವವರು ಬದಲಾದರೂ ಶ್ತಿಯಾಂಪ್‌ಗಳು ಕುಟ್ಟುತ್ತಲೇ ಇದ್ದವು. ಅವು ನಿಂತದ್ದು 1948ರಲ್ಲಿ. ಆ ವರ್ಷ ಜೂನ್ 11ರಂದು ಕಮ್ಯುನಿಸ್ಟ್ ಸರ್ಕಾರ ಗಣಿಗಳನ್ನೆಲ್ಲ ರಾಷ್ಟ್ರೀಕರಣ ಮಾಡಿತು. ತಲೆಮಾರುಗಳಿಂದ ಬಂದ ಪಾಲು ಒಂದೇ ದಿನದಲ್ಲಿ ಹೋಯಿತು. ಮನೆಯಲ್ಲಿ ಚಿನ್ನ ಬಚ್ಚಿಟ್ಟಿದ್ದಾರೆಂಬ ಅನುಮಾನದ ಮೇಲೆ ಗುಪ್ತ ಪೊಲೀಸರು ಜನರನ್ನು ಹಿಡಿದೊಯ್ದು ಹಿಂಸಿಸಿದರು. ಗ್ರೀಕ್ ಕ್ಯಾಥೊಲಿಕ್ ಚರ್ಚನ್ನೂ ಅದೇ ವರ್ಷ ದೇಶದಲ್ಲೆಲ್ಲ ನಿಷೇಧಿಸಿದರು. ಮರದ ಶ್ತಿಯಾಂಪ್‌ಗಳನ್ನು ಕಿತ್ತುಹಾಕಿದರು. ಈ ಊರಿನ ಚರಿತ್ರೆಯ ದೊಡ್ಡ ಮುರಿತ ಇದೇ ಎಂದು ನನಗೆ ಅನಿಸುತ್ತದೆ. ಊರು ತಕ್ಷಣ ಖಾಲಿಯಾಗಲಿಲ್ಲ, ಸರ್ಕಾರದ ಗಣಿಯಲ್ಲಿ ಸಂಬಳದ ಕೆಲಸ ಸಿಕ್ಕಿತು. ಆದರೆ ನಿನ್ನೆಯ ಪಾಲುದಾರ ಇವತ್ತಿನ ನೌಕರ. ಅವನ ಕೆಲಸ ಎಂದು ನಿಲ್ಲಬೇಕು ಎಂಬುದು ಬುಕಾರೆಸ್ಟಿನ ಮೇಜಿನ ಮೇಲೆ ತೀರ್ಮಾನವಾಗುವಂತಾಯಿತು.

1970ರ ಹೊತ್ತಿಗೆ ಸುರಂಗ ಬಿಟ್ಟು ಬೆಟ್ಟವನ್ನೇ ಮೇಲಿಂದ ಅಗೆಯತೊಡಗಿದರು. ಚೆಟಾಟೆ ಗುಡ್ಡದಲ್ಲಿ ರೋಮನ್ನರು ಬಯಲಿಗೆ ತೆರೆದಿದ್ದ ಗಣಿಯ ಕುರುಹುಗಳು ಸಿಡಿಮದ್ದಿಗೆ ಸಿಕ್ಕಿ ನಾಶವಾದವು. ಗಣಿಯ ಆಮ್ಲದ ನೀರು ಇಳಿದು ಕಣಿವೆಯ ತೊರೆ ತುಕ್ಕಿನ ಕೆಂಪಾಗಿ ಹರಿಯುತ್ತದೆ. ಪಕ್ಕದ ಲುಪ್ಶಾ ಕೊಮೂನಾದ ಜಿಯಾಮನಾ ಹಳ್ಳಿಗೆ ಬಂದ ಗತಿ ಇನ್ನೂ ಘೋರ. ರೋಶಿಯಾ ಪೊಯೆನಿ ತಾಮ್ರದ ಗಣಿಯ ಕೆಸರು ತುಂಬಲು 1970ರ ದಶಕದ ಕೊನೆಯಲ್ಲಿ ಆ ಕಣಿವೆಯನ್ನೇ ಆರಿಸಿ, ಸುಮಾರು 400 ಕುಟುಂಬಗಳನ್ನು ಎಬ್ಬಿಸಿದರು. ಕೆಸರು ವರ್ಷ ವರ್ಷ ಏರಿ ಮನೆ, ತೋಟ, ಸ್ಮಶಾನ ನುಂಗಿತು; ಚರ್ಚಿನ ಗೋಪುರದ ಮೇಲ್ತುದಿ ಮಾತ್ರ ಕಾಣುತ್ತಿತ್ತು. ಗಣಿಗಾಗಿ ಒಂದು ಊರು ಏಳುವುದೆಂದರೆ ಏನೆಂದು ರೋಶಿಯಾದವರು ಗುಡ್ಡದಾಚೆ ನೋಡಿ ತಿಳಿದಿದ್ದರು.

ಕಮ್ಯುನಿಸ್ಟ್ ಆಡಳಿತ 1989ರಲ್ಲಿ ಬಿದ್ದಿತು. ತೊಂಬತ್ತರ ದಶಕದ ಕೊನೆಗೆ ಕೆನಡಾದ ಗೇಬ್ರಿಯಲ್ ರಿಸೋರ್ಸಸ್ ಕಂಪನಿಯು ಸರ್ಕಾರಿ ಪಾಲುದಾರರ ಜೊತೆ ಸೇರಿ ದೊಡ್ಡ ಯೋಜನೆಯೊಂದನ್ನು ತಂದಿತು. ನಾಲ್ಕು ಗುಡ್ಡಗಳನ್ನು ಅಗೆದು, ಸೈನೈಡ್ ಬಳಸಿ 300 ಟನ್ ಚಿನ್ನ, 1,600 ಟನ್ ಬೆಳ್ಳಿ ತೆಗೆಯುವುದು. ಉಳಿದ ಕೆಸರನ್ನು ಕೋರ್ನಾ ಕಣಿವೆಯಲ್ಲಿ 185 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ತುಂಬುವುದು. ಯುರೋಪಿನ ಅತಿದೊಡ್ಡ ತೆರೆದ ಚಿನ್ನದ ಗಣಿ ಇದಾಗುತ್ತಿತ್ತು. ಅದಕ್ಕಾಗಿ ಒಂಬತ್ತು ನೂರಕ್ಕೂ ಹೆಚ್ಚು ಮನೆಗಳವರು ಜಾಗ ಬಿಡಬೇಕಿತ್ತು. ಅದೇ ಹೊತ್ತಿಗೆ, 2000ದ ಜನವರಿ 30ರಂದು, ಉತ್ತರ ರೊಮೇನಿಯಾದ ಬಾಯಾ ಮಾರೆಯಲ್ಲಿ ಇನ್ನೊಂದು ಚಿನ್ನದ ಘಟಕದ ಕಟ್ಟೆ ಒಡೆದು ಸುಮಾರು ಒಂದು ಲಕ್ಷ ಘನ ಮೀಟರ್ ಸೈನೈಡ್ ನೀರು ನದಿಗೆ ಸೇರಿತ್ತು. ಟಿಸ್ಸಾ ನದಿಯಲ್ಲಿ ಮೀನುಗಳು ಸತ್ತು ತೇಲಿದವು.

2000ದಲ್ಲೇ ಊರಿನ ಕೆಲವು ಕುಟುಂಬಗಳು ಆಲ್ಬುರ್ನುಸ್ ಮಾಯೋರ್ ಎಂಬ ಹಳೆಯ ಹೆಸರಿನಲ್ಲೇ ಸಂಘ ಕಟ್ಟಿದವು. ನಾವು ಮಾರುವುದಿಲ್ಲ ಎಂಬುದೇ ಅದರ ಕಾರ್ಯಕ್ರಮ. ಆದರೆ ಅವರ ಎದುರಿಗಿದ್ದದ್ದು ಬರೀ ಹಣದ ಆಸೆಯಲ್ಲ. 2002ರ ನಗರಯೋಜನೆಯಲ್ಲಿ ಊರನ್ನು ಗಣಿ ಉದ್ಯಮದ ವಲಯವೆಂದು ಗುರುತಿಸಿದ್ದರಿಂದ ಅಲ್ಲಿ ಬೇರೆ ಉದ್ಯೋಗ ಹೂಡುವ ದಾರಿ ಮುಚ್ಚಿತು. 2006ರಲ್ಲಿ ಸರ್ಕಾರಿ ಗಣಿ ನಿಂತಿತು. ಕೆಲಸವಿಲ್ಲ, ಅಂಗಡಿ ಇಡುವಂತಿಲ್ಲ, ಪಕ್ಕದ ಮನೆಯವರು ಮಾರಿ ಹೋದರು, ಅವರ ಮನೆಗೆ ಬೀಗ ಬಿತ್ತು ಅಥವಾ ಕೆಡವಿದರು. ಇಂಥ ಕಡೆ ಮನೆ ಮಾರಿದವರನ್ನು ಹಣಕ್ಕೆ ಬಿದ್ದವರೆಂದು ಹಳಿಯಲು ನನ್ನಿಂದಾಗದು. ಅನೇಕರಿಗೆ ಕಂಪನಿ ಜಿಲ್ಲಾ ಕೇಂದ್ರ ಆಲ್ಬಾ ಯೂಲಿಯಾದ ಅಂಚಿನಲ್ಲಿ ರೆಚೆಯಾ ಎಂಬ ಬಡಾವಣೆ ಕಟ್ಟಿಕೊಟ್ಟಿತು. ಕೆಲವರು ಹೋಗುವಾಗ ಗೋರಿ ಅಗೆಸಿ ಹಿರಿಯರ ಎಲುಬುಗಳನ್ನೂ ಕೊಂಡೊಯ್ದರು. ಮೂರರಲ್ಲೊಂದು ಪಾಲು ಜನ ಕರಗಿದ ಆ ಒಂಬತ್ತು ವರ್ಷಗಳ ಒಳಗಿರುವುದು ಇದು. ರೊಮೇನಿಯಾದ ಹಳ್ಳಿಗಳೆಲ್ಲ ಇಟಲಿ, ಸ್ಪೇನ್ ದುಡಿಮೆಗೆ ಜನ ಕಳೆದುಕೊಂಡಿವೆ ನಿಜ, 1992ರಲ್ಲಿ 2.28 ಕೋಟಿ ಇದ್ದ ದೇಶದ ಜನಸಂಖ್ಯೆ 2021ರಲ್ಲಿ 1.9 ಕೋಟಿಗೆ ಇಳಿದಿತ್ತು. ಆದರೆ ರೋಶಿಯಾದ ಇಳಿತ ಆ ಸಾಮಾನ್ಯ ಇಳಿತದ ಲೆಕ್ಕಕ್ಕೆ ಹೊಂದುವುದಿಲ್ಲ. ಅದು ಮನೆಮನೆಯಾಗಿ ಕೊಂಡು ಮಾಡಿದ ಇಳಿತ.

ಉಳಿದವರು ತಮ್ಮ ಗೋಡೆಗೆ 'ಈ ಮನೆ ಮಾರಾಟಕ್ಕಿಲ್ಲ' ಎಂದು ಫಲಕ ಹಾಕಿಕೊಂಡರು. ನ್ಯಾಯಾಲಯಗಳಿಗೆ ಹೋಗಿ ಒಂದೊಂದೇ ಪರವಾನಗಿಯನ್ನು ಪ್ರಶ್ನಿಸಿದರು. 2004ರಿಂದ ಫಿನ್‌ಫೆಸ್ಟ್ ಎಂಬ ಹಬ್ಬ ನಡೆಸಿ ದೂರದ ಯುವಕರನ್ನು ಕರೆಸಿಕೊಂಡರು. 2013ರ ಆಗಸ್ಟ್ ಕೊನೆಯಲ್ಲಿ ಸರ್ಕಾರ ಈ ಗಣಿಗಾಗಿಯೇ ವಿಶೇಷ ಮಸೂದೆ ತಂದಾಗ, ಸೆಪ್ಟೆಂಬರ್ 1ರಿಂದ ಬುಕಾರೆಸ್ಟ್, ಕ್ಲೂಜ್ ಮೊದಲಾದ ನಗರಗಳ ಬೀದಿ ತುಂಬಿತು. ವಾರಗಟ್ಟಲೆ ಸಾವಿರಾರು ಜನ ನಡೆದರು. 2014ರಲ್ಲಿ ಸಂಸತ್ತು ಮಸೂದೆಯನ್ನು ತಿರಸ್ಕರಿಸಿತು. ಇಡೀ ದೇಶ ಬಂದು ನಿಂತಿತು ಎಂದು ಪತ್ರಿಕೆಗಳು ಬರೆದವು, ಅದು ಸರಿಯೇ. ಆದರೂ ನಾನು ಮೊದಲ ಗೌರವ ಕೊಡುವುದು ಹದಿಮೂರು ವರ್ಷ ಖಾಲಿ ಮನೆಗಳ ನಡುವೆ ಒಲೆ ಹಚ್ಚಿಕೊಂಡು ಕೂತ ಆ ಕೆಲವೇ ಕುಟುಂಬಗಳಿಗೆ. ಅವರು ಹೋಗಿದ್ದರೆ ಬೀದಿಗೆ ಇಳಿದವರಿಗೆ ಉಳಿಸಲು ಊರೇ ಇರುತ್ತಿರಲಿಲ್ಲ.

2015ರಲ್ಲಿ ಕಂಪನಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ನ್ಯಾಯಮಂಡಳಿಗೆ ಹೋಗಿ ರೊಮೇನಿಯಾದಿಂದ ನೂರಾರು ಕೋಟಿ ಡಾಲರ್ ಪರಿಹಾರ ಕೇಳಿತು. 2021ರ ಜುಲೈ 27ರಂದು ಯುನೆಸ್ಕೊ ರೋಶಿಯಾ ಮೊಂಟಾನಾದ ಗಣಿ ಭೂದೃಶ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿ, ಅದೇ ಕೈಯಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿಸಿತು. 2024ರ ಮಾರ್ಚಿನಲ್ಲಿ ನ್ಯಾಯಮಂಡಳಿ ಕಂಪನಿಯ ಕೋರಿಕೆಯನ್ನು ತಳ್ಳಿಹಾಕಿತು.

ಈಗ ಊರಲ್ಲಿ ಚೌಕದ ಸುತ್ತಲಿನ ಮನೆಗಳಲ್ಲಿ ಕೆಲವಕ್ಕೆ ಸುಣ್ಣ ಬಳಿದಿದ್ದಾರೆ. 2012ರಿಂದ ವಾಸ್ತುಶಿಲ್ಪಿಗಳೂ ವಿದ್ಯಾರ್ಥಿಗಳೂ ಬೇಸಿಗೆಯಲ್ಲಿ ಬಂದು ಸುಣ್ಣದ ಗಾರೆ ಕಲಸಿ, ಮರದ ಹಂಚು ಹೊದಿಸಿ ಹಳೆ ಮನೆಗಳನ್ನು ರಿಪೇರಿ ಮಾಡುವ ಕೆಲಸ ನಡೆಸಿದ್ದಾರೆ. ಕೆಲವು ಹೆಂಗಸರು ಉಣ್ಣೆಯ ಉಡುಪು ಹೆಣೆದು ಮಾರುತ್ತಾರೆ. ನಾಲ್ಕಾರು ಮನೆಗಳಲ್ಲಿ ಪ್ರವಾಸಿಗಳಿಗೆ ಕೋಣೆ, ಊಟ ಸಿಗುತ್ತದೆ. ನಾವು ಉಳಿದ ಮನೆಯ ಅಜ್ಜಿ ಬೆಳಿಗ್ಗೆ ತನ್ನ ಹಸುವಿನ ಹಾಲು ಕಾಯಿಸಿ ಕೊಟ್ಟು, ಬೀದಿಯ ಎರಡೂ ಕಡೆ ಯಾರ್‍ಯಾರ ಮನೆಯಿತ್ತು ಎಂದು ಒಂದೊಂದಾಗಿ ಬೆರಳು ಮಾಡಿ ಹೇಳಿದರು. ಮಗಳು ಭಾಷಾಂತರಿಸಿ ದಣಿದರೂ ಅಜ್ಜಿಯ ಪಟ್ಟಿ ಮುಗಿಯಲಿಲ್ಲ.

ಕಲ್ಲಿಗೆ, ಸುರಂಗಕ್ಕೆ, ಕೆರೆ ಏರಿಗೆ ಈಗ ಯುನೆಸ್ಕೊ ರಕ್ಷಣೆಯಿದೆ. ಊರು ಬಿಟ್ಟು ಹೋದ ಜನರು ಮರಳಿ ಬರುವುದಕ್ಕೆ ಮಾತ್ರ ಯಾರೂ ಹೊಣೆ ಹೊತ್ತಿಲ್ಲ. ಕಂಪನಿ ಕೊಂಡ ಮನೆಗಳು ಕಂಪನಿಯ ಹೆಸರಿನಲ್ಲೇ ಉಳಿದು, ಹಿಮ ಬಿದ್ದು ಹಿಮ ಕರಗಿ ಮಾಡು ಕುಸಿಯುತ್ತಿವೆ. ರೊಮೇನಿಯಾ ಸರ್ಕಾರ ಆ ಮನೆಗಳನ್ನು ಕೊಂಡೋ ವಶಕ್ಕೆ ಪಡೆದೋ, ಮಾರಿ ಹೋದವರ ಮಕ್ಕಳಿಗೂ ಅಲ್ಲಿ ಬಾಳಲು ಒಪ್ಪುವ ಬೇರೆಯವರಿಗೂ ಕೊಡಬೇಕು. ಶಾಲೆ, ವೈದ್ಯ, ಬಸ್ಸು ಒದಗಿಸಬೇಕು. ಮ್ಯೂಸಿಯಂ ಆಗಿ ಮಾತ್ರ ಉಳಿದರೆ ಅದನ್ನು ಊರು ಉಳಿಯಿತು ಎಂದು ನಾನು ಒಪ್ಪುವುದಿಲ್ಲ.